ಒಂಬತ್ತನೇ ನಂಬರಿನ ಕೆಂಪು ಗೆರೆ

ಮೂರನೇ ಕೆಂಪು ಗೆರೆ ಕಂಡೊಡನೆ ವಿಸಾಲ್ ಫೋನನ್ನು ಮಗುಚಿಟ್ಟಳು.

ಕಾನ್‌ಸ್ಟಂಟೀನ್ ನಗರದ ದೂರಶಿಕ್ಷಣದಲ್ಲಿ ಬರವಣಿಗೆಯ ಪಾಠವೆಲ್ಲ ಫೋನಿನ ಗುಂಪಿನಲ್ಲೇ. ಹದಿನೆಂಟರವರಿಂದ ತಲೆ ನರೆತವರವರೆಗೆ ನಲವತ್ತು ಮಂದಿ. ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಒಬ್ಬರು ಹಾಕಿದ ಪ್ರಬಂಧವನ್ನು ಇನ್ನೊಬ್ಬರು ಆರಿಸಿಕೊಂಡು ತಿದ್ದಬೇಕು. ಮೇಷ್ಟ್ರದು ಒಂದೇ ಕಟ್ಟಪ್ಪಣೆ: "ತಪ್ಪಿದ್ದ ಕಡೆ ಮಾತ್ರ ಕೆಂಪು ಗೆರೆ. ಸರಿಯಿದ್ದದ್ದನ್ನ ಮುಟ್ಟಿದ್ರೆ ಅಂಕ ಕಳೀತೀನಿ."

ವಿಸಾಲ್ ಬರೆದದ್ದು ಅಪ್ಪನ ತಂಗಿ ಜಹೂರ್ ಅತ್ತೆಯ ಬಗ್ಗೆ. ಹದಿನೈದು ವರ್ಷಗಳ ಹಿಂದೆ, ಹೂವಿನ ನೀರು ಬಟ್ಟಿ ಇಳಿಸುತ್ತಿದ್ದ ದಿನ, ಅತ್ತೆ ಮನೆಯಿಂದ ಓಡಿದಳು. ತೂಗುಸೇತುವೆಯಿಂದ ಕಣಿವೆಗೆ ಬಿದ್ದಳು ಎಂದು ಅಪ್ಪ ಬಂದು ಹೇಳಿದ. ಹೆಣ ಸಿಗಲಿಲ್ಲ. ಆಮೇಲೆ ಆ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಹಬ್ಬದ ಬೆಳಿಗ್ಗೆ ಮನೆಯ ಸತ್ತವರಿಗೆಲ್ಲ ಪ್ರಾರ್ಥನೆ ಹೇಳುವ ಅಪ್ಪ, ತಂಗಿಗೆ ಮಾತ್ರ ಹೇಳುತ್ತಿರಲಿಲ್ಲ.

ಒಂಬತ್ತನೇ ನಂಬರು ಮೊದಲು 'ಗುಲಾಬಿ'ಯನ್ನು ಹೊಡೆದುಹಾಕಿತು. "ಅವತ್ತು ಬಟ್ಟಿ ಇಳಿಸಿದ್ದು ಕಿತ್ತಳೆ ಹೂವು." ನಿಜ, ವಿಸಾಲ್ ಮರೆತಿದ್ದಳು. ಆಮೇಲೆ 'ಮದುವೆಗೆ ಒಪ್ಪಿದ್ದಳು' ಎಂಬುದನ್ನು. "ಒಪ್ಪಿರಲಿಲ್ಲ. ಅದಕ್ಕೇ ಕೋಣೆಯಲ್ಲಿ ಕೂಡಿಹಾಕಿದ್ದು." ಈಗ 'ಬಾಗಿಲು ತೆರೆದಿತ್ತು' ಎಂಬುದನ್ನು. "ಹೊರಗಿನಿಂದ ಚಿಲಕ ಹಾಕಿತ್ತು. ಐದು ವರ್ಷದ ಮಗು ಸ್ಟೂಲ್ ಹತ್ತಿ ತೆಗೆಯಿತು."

ಆ ಮಗು ವಿಸಾಲ್. ಅದನ್ನು ಅವಳು ಹೆತ್ತಮ್ಮನಿಗೂ ಹೇಳಿರಲಿಲ್ಲ. ತಾನು ಚಿಲಕ ತೆಗೆಯದಿದ್ದರೆ ಅತ್ತೆ ಬದುಕಿರುತ್ತಿದ್ದಳು. ಹದಿನೈದು ವರ್ಷದಿಂದ ಎದೆಯಲ್ಲಿ ಅದೊಂದೇ ಮುಳ್ಳು. ಅಪ್ಪನಿಗೆ ತಿಳಿದರೆ ಓದಿಗೆ ಕಲ್ಲು ಬೀಳುವುದಂತೂ ಖಂಡಿತ. ಮತ್ತೆಂದೂ ಅವಳ ಮುಖ ನೋಡಲಾರ.

ಅಂದು ಮನೆಯೊಳಗೆ ಇನ್ನೊಂದು ಮಗುವಿತ್ತು: ಚಿಕ್ಕಪ್ಪನ ಮಗ ಫಾತಿಹ್. ಗೋಡೆಗೆ ಎರಡು ಕಿವಿಯಾದರೆ ಅವನಿಗೆ ನಾಲ್ಕು. ಈಗ ಅವನೂ ಅದೇ ಪಾಠದ ಗುಂಪಿನಲ್ಲಿದ್ದ.

ಮೆಟ್ಟಿಲ ಮೇಲೆ ಅವನನ್ನು ಅಡ್ಡಗಟ್ಟಿದಳು. "ಒಂಬತ್ತು ನೀನೇ ತಾನೆ?"

"ನಾನು ಇಪ್ಪತ್ತೆರಡು ಕಣೇ." ಅವನು ಹಲ್ಲು ಕಿರಿದ. "ಆದ್ರೆ ಎಲ್ಲಾ ಓದ್ದೆ. ನಮ್ಮನೆ ಗುರುತು ಹಿಡಿಯೋಕೆ ನಂಬರ್ ಬೇಕಾ?"

"ಅಪ್ಪಂಗೆ ಹೇಳ್ತೀಯಾ?"

"ಕೊನೇ ಸಾಲು ಇನ್ನೂ ಯಾರೂ ತಿದ್ದಿಲ್ಲ. ತಿದ್ದಲಿ ತಡಿ."

ಅವನು ತಡೆಯಲಿಲ್ಲ. ನೇರ ಅವಳ ಅಪ್ಪನ ಕೋಣೆಗೆ ನಡೆದ.

ವಿಸಾಲ್ ತನ್ನ ಕೋಣೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡಳು. "ಯಾರು ನೀನು? ನನ್ನಿಂದ ಏನು ಬೇಕು?" ಎಂದು ಒಂಬತ್ತಕ್ಕೆ ಕಳಿಸಿದಳು. ಆ ಕಡೆಯವರು ಬರೆಯುತ್ತಿರುವ ಸೂಚನೆ ಮೂಡಿತು, ಅಳಿಯಿತು, ಮತ್ತೆ ಮೂಡಿತು.

ಹೊರಗೆ ಅಪ್ಪನ ಹೆಜ್ಜೆ. ಬಾಗಿಲು ದಡದಡ ಬಡಿಯಿತು. "ವಿಸಾಲ್! ಆ ಹೆಸರು ಬರೆದ್ಯಂತೆ. ಅವಳು ನಿಂಗೆ ಏನು ಹೇಳಿದ್ಲು? ಫೋನ್ ಕೊಡು ಇಲ್ಲಿ!"

ಅಷ್ಟರಲ್ಲಿ ಉತ್ತರ ಬಂತು. ಅವಳ ಪ್ರಬಂಧದ ಕೊನೆಯ ಸಾಲು: 'ಜಹೂರ್ ಅತ್ತೆ ಅಂದೇ ಸತ್ತಳು.' ಅದರ ಉದ್ದಕ್ಕೂ ಕೆಂಪು ಗೆರೆ, ಕೆಳಗೆ ಒಂದು ಮಾತು.

"ಇದೂ ತಪ್ಪು ಕಣೇ, ನನ್ನ ಚಿಲಕ ತೆಗೆದ ಕಂದಾ."