ಕಾಡಿಗೆ ಕಾಣದ ಜೋಳ

ಚನಮಲ್ಲಪ್ಪನ ಜೋಳಕ್ಕೆ ಹೋದ ವರ್ಷ ಕಾಡಿಗೆ ರೋಗ ಬಿದ್ದಿತ್ತು. ತೆನೆ ಮುರಿದರೆ ಕಾಳಿನ ಬದಲು ಕರಿ ಪುಡಿ ಉದುರುತ್ತಿತ್ತು. ಬದು ದಾಟಿದರೆ ಮಲಕಾಜಪ್ಪಗೌಡರ ಹೊಲ. ಅಲ್ಲಿ ಒಂದು ತೆನೆಯೂ ಕಪ್ಪಾಗಿರಲಿಲ್ಲ.

ಈ ವರ್ಷ ಬಿತ್ತನೆಗೆ ಮೊದಲು ಚನಮಲ್ಲಪ್ಪ ಪೇಟೆಯಿಂದ ಗಂಧಕದ ಪುಡಿ ತಂದ. ಬೀಜಕ್ಕೆ ಅದನ್ನು ಹಚ್ಚಿ ಬಿತ್ತಿದರೆ ಕಾಡಿಗೆ ಬರುವುದಿಲ್ಲವೆಂದು ಅಂಗಡಿಯವರು ಹೇಳಿದ್ದರು. ಗೌಡರು ತಮ್ಮ ಮನೆಯ ಕಟ್ಟೆಯ ಮೇಲಿಂದಲೇ ಅವನನ್ನು ತಡೆದರು.

“ಏನಲೇ, ಜ್ವಾಳಕ್ಕ ಪೌಡರ್ ಹಚ್ಚಿ ಮದುವಿ ಮಾಡಾಂವೇನ?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

“ಹ್ವಾದ ವರ್ಷ ಅರ್ಧಾ ಬೆಳಿ ಹೋತ್ರಿ ಗೌಡ್ರ. ಈ ಸಲಾನೂ ಹಂಗ ಆದ್ರ ಮಕ್ಕಳಿಗೆ ರೊಟ್ಟಿ ಇರಂಗಿಲ್ಲ.”

“ಅದು ರೋಗಲ್ಲೋ, ನಿನ್ನ ಕೈಗುಣ. ನನ್ನ ಹೊಲಾ ನೋಡಿಲ್ಲೇನ? ಬೀಜಕ್ಕ ಒಂದ್ ಚಿಟಿಕಿ ಪುಡಿ ಮುಟ್ಟಿಸಿಲ್ಲ. ಒಕ್ಕಲುತನ ಬರದ ಮಂದಿಗೆ ಬೇಕು ಇಂಥಾವೆಲ್ಲ.”

ಗೌಡರು ಪೊಟ್ಟಣ ಕಸಿದುಕೊಂಡು ಗಟಾರಕ್ಕೆ ಎಸೆದರು. “ನನ್ನ ಬೀಜ ಒಯ್ದು ಹಂಗ ಬಿತ್ತು, ಹೋಗು. ಭಿಕ್ಷಾ ಅನಕೋ,” ಎಂದವರೇ ಬೀಜ ತರುವಂತೆ ಹೆಂಡತಿಗೆ ಕೂಗಿದರು. ಬೀಜ ಕಾದಿಡುವುದು, ಬಿತ್ತುವ ದಿನ ಕೂರಿಗೆಗೆ ಹಾಕುವುದು ಹೆಂಗಸರ ಕೆಲಸವೆಂದು ಅವರು ಅದನ್ನು ಎಂದೂ ಮುಟ್ಟಿದವರಲ್ಲ.

ಸಾತವ್ವ ಒಳಗಿನಿಂದ ಬೀಜದ ಗಂಟು ತಂದಳು. ಚನಮಲ್ಲಪ್ಪ ತಲೆ ತಗ್ಗಿಸಿ ನಿಂತಿದ್ದ. ಎಲ್ಲರೂ ನೋಡುತ್ತಿರುವಂತೆಯೇ ಅವಳು ಗಂಟನ್ನು ಅವನ ಕೈಗಿಟ್ಟಳು.

“ಗೌಡ್ರು ಹೇಳಿದಂಗ ಹಂಗ ಬಿತ್ತಪಾ. ಪ್ರತಿ ವರ್ಷ ಹಚ್ಚಿದಂಗ ಈ ಸಲಾನೂ ಗಂಧಕ ನಾನ ಹಚ್ಚಿಟ್ಟೀನಿ.”