ಕೋಳಿ ಮಿಂದ ನೀರು

ಈಗಲೂ ಸೂಪಿಗೆ ಕಾಳುಮೆಣಸು ಕುಟ್ಟುವಾಗ ಕೊಪ್ಪದ ಮನೆಯ ಆ ಚಳಿಯ ಸಂಜೆ ಮೂಗಿಗೆ ಬಡಿಯುತ್ತದೆ.

ಜ್ವರ ಹಿಡಿದ ಅಜ್ಜಿ ಮೂರು ದಿನದಿಂದ ಮಾತಾಡಿರಲಿಲ್ಲ. ನಿದ್ದೆಗೆಟ್ಟ ಅಮ್ಮ ಕೋಳಿ, ಕ್ಯಾರೆಟ್, ಬೀನ್ಸ್ ಬೇಯಿಸುತ್ತಿದ್ದಳು. ಆ ಸಪ್ಪೆ ಸೂಪನ್ನು ಹಂಗಿಸದೆ ಅಜ್ಜಿ ಎಂದೂ ಕುಡಿದವಳಲ್ಲ. ಊರವರೆಲ್ಲರ ದನಿ ಅಣಕಿಸುವ ಮಹಾ ಕಲಾವಿದನಾದ ನಾನು ಅಜ್ಜಿಯ ಕೋಣೆಯ ಬಾಗಿಲ ಹಿಂದೆ ನಿಂತು ಅವಳಂತೆಯೇ ಕೂಗಿದೆ: "ಎಂತದೇ ಅದು, ಕೋಳಿ ಮಿಂದ ನೀರಾ?"

"ಅತ್ತೆ, ಮಾತಾಡಿದ್ರಾ!" ಅಮ್ಮ ಸೌಟು ಹಿಡಿದೇ ಓಡಿಬಂದಳು. ನನ್ನನ್ನು ಕಂಡು ಹೊಸ್ತಿಲ ಮೇಲೆ ಕುಸಿದು ಕೂತಳು. ಹಿಂಡುತ್ತಾಳೆಂದು ಎರಡೂ ಕಿವಿ ಮುಚ್ಚಿಕೊಂಡೆ.

"ಇನ್ನೊಂದು ಸಲ ಹೇಳು ಮಾರಾಯ," ಎಂದಳು ಮೆಲ್ಲಗೆ.

ಬಾಯಿ ತೆರೆದೆ. ಬಂದದ್ದು ನನ್ನದೇ ದನಿ.