ನೀಲಗಂಗವ್ವನ ಕುಪ್ಪಸ

ಹೊಲಿದವರ ಮನಸ್ಸು ಹೊಲಿಗೆಯಲ್ಲೇ ಉಳಿದು ತೊಟ್ಟವರ ಮೈಗೆ ಹತ್ತುತ್ತದೆಂಬುದು ಆ ಊರಿನ ಎಳೆಮಕ್ಕಳಿಗೂ ಗೊತ್ತು. ಅದಕ್ಕೇ ಹೊಲಿಗೆ ಕಲಿಸುವ ನೀಲಗಂಗವ್ವ ತಾನೇ ಹೊಲಿದದ್ದನ್ನು ಬಿಟ್ಟು ಬೇರೇನನ್ನೂ ತೊಟ್ಟವಳಲ್ಲ.

ತುಂಬು ಬಸುರಿ ಕಸ್ತೂರಿ ಅವಳೆದುರು ಕೂತಿದ್ದಳು. ಗಂಡ ತೀರಿಕೊಂಡು ತಿಂಗಳೂ ತುಂಬಿರಲಿಲ್ಲ. ಕೂಸಿನ ಮೊದಲ ಕುಲಾವಿಯನ್ನು ತಾಯಿಯೇ ಹೊಲಿಯಬೇಕು. ಸೂಜಿ ಹಿಡಿದವಳು ಮತ್ತೆ ಕೆಳಗಿಟ್ಟಳು.

“ನನ್ನ ಸಂಕಟ ಕೂಸಿನ ತಲಿಗೆ ಹತ್ತತೈತ್ರಿ, ಅವ್ವಾರ.”

ನೀಲಗಂಗವ್ವ ಹೆಗಲ ಬಳಿ ಹರಿದಿದ್ದ ತನ್ನ ಕುಪ್ಪಸವೊಂದನ್ನು ಅವಳ ಮಡಿಲಿಗೆ ಹಾಕಿದಳು. “ಮೊದಲ ಇದನ್ನ ಹೊಲಿ.”

“ನಿಮಗ ಹತ್ತೂದಿಲ್ಲೇನ್ರಿ?”

“ಹತ್ತಲಿ. ದಾರ ಭಾಳ ಜಗ್ಗಬ್ಯಾಡ.”

ಸಂಜೆಯ ಹೊತ್ತಿಗೆ ಸೊಟ್ಟಗಿನ ಹೊಲಿಗೆ ಮುಗಿಯಿತು. ನೀಲಗಂಗವ್ವ ಕುಪ್ಪಸ ತೊಟ್ಟಳು. ಹೆಗಲ ಮೇಲೆ ಕಲ್ಲು ಹೇರಿದಂತಾಗಿ ಕಣ್ಣು ತುಂಬಿ ಬಂತು. ಹೊಲಿಗೆಯನ್ನು ತಡವುತ್ತ ಹೋದ ಬೆರಳು ಅದರ ಕೊನೆಯಲ್ಲಿ ನಿಂತಿತು. ಅಲ್ಲಿ ಭಾರವಿರಲಿಲ್ಲ, ಸಣ್ಣದೊಂದು ಹಿಗ್ಗಿತ್ತು.

“ಇಲ್ಲಿ ಏನಾತು?”

ಕಸ್ತೂರಿ ತಲೆ ತಗ್ಗಿಸಿದಳು. “ಅಲ್ಲಿಷ್ಟ ಹೊಲಿಗಿ ನೆಟ್ಟಗ ಬಂತ್ರಿ. ಅಷ್ಟೊತ್ತು ಅವರನ್ನ ಮರ್ತಿದ್ದೆ.”

“ಹಂಗಾರ ಈಗ ಕುಲಾವಿ ತಗೋ.”

“ಮೊದಲ ಆ ಕುಪ್ಪಸ ಕೊಡ್ರಿ, ಹೊಲಿಗಿ ಬಿಚ್ಚತೀನಿ.”

ನೀಲಗಂಗವ್ವ ಕೊಡಲಿಲ್ಲ. ಹೆಗಲ ಮೇಲೆ ಸೆರಗು ಎಳೆದುಕೊಂಡು, ಸೂಜಿಗೆ ದಾರ ಪೋಣಿಸಿ ಅವಳ ಕೈಗಿಟ್ಟಳು.